‘ಕರ್ನಲ್’ ಪದಕ್ಕೆ ರಕಾರ ಎಲ್ಲಿಂದ ಬಂತು: ಒಂದು ನಮೂದಿನ ಪ್ರಕರಣ ಅಧ್ಯಯನ

ಹೊರಗಿನಿಂದ ಬಂದು ಕನ್ನಡದಲ್ಲಿ ನೆಲೆಯೂರಿದ ಪದಗಳ ಕಿರುಕೋಶವೊಂದನ್ನು ಕೆಲವು ವರ್ಷಗಳ ಹಿಂದೆ ನಾವು ಮೂವರು ಸಿದ್ಧಪಡಿಸುತ್ತಿದ್ದೆವು. ಒಬ್ಬರು ನಿವೃತ್ತ ಪ್ರೌಢಶಾಲಾ ಶಿಕ್ಷಕರು. ಹಳಗನ್ನಡ, ಸಂಸ್ಕೃತ ಎರಡೂ ಅವರ ನಾಲಿಗೆಯ ತುದಿಯಲ್ಲಿದ್ದವು. ನಾವು ಅವರನ್ನು ಕರೆಯುತ್ತಿದ್ದಂತೆ ಇಲ್ಲಿಯೂ ‘ಮೇಷ್ಟ್ರು’ ಎಂದೇ ಬರೆಯುತ್ತೇನೆ. ಇನ್ನೊಬ್ಬರು ಸ್ಪ್ಯಾನಿಷ್ ಕಲಿತು ಅನುವಾದವನ್ನೇ ವೃತ್ತಿಯಾಗಿ ಮಾಡಿಕೊಂಡಿದ್ದ ತರುಣಿ. ಮೂರನೆಯವನು ನಾನು, ಬಂದ ನಮೂದುಗಳನ್ನು ತಿದ್ದಿ ಅಚ್ಚಿಗೆ ಕಳುಹಿಸುವುದು ನನ್ನ ಕೆಲಸ. ಊರು, ಪ್ರಕಾಶಕರು, ಕೋಶದ ಹೆಸರು ಇಲ್ಲಿ ಬೇಕಿಲ್ಲ. ಒಂದೇ ಒಂದು ನಮೂದಿನಲ್ಲಿ ನಾವು ಹೇಗೆ ದಾರಿ ತಪ್ಪಿದೆವು, ಹೇಗೆ ಮರಳಿದೆವು ಎಂಬುದು ಇಂಥ ಕೆಲಸಕ್ಕೆ ಕೈಹಾಕುವ ಬೇರೆಯವರಿಗೆ ಪ್ರಯೋಜನವಾದೀತು ಎಂದು ಬರೆಯುತ್ತಿದ್ದೇನೆ.

ಮೇಷ್ಟ್ರು ಒಂದೊಂದು ಪದಕ್ಕೂ ಅಂಚೆಕಾರ್ಡಿನಷ್ಟು ಅಗಲದ ರಟ್ಟಿನ ಚೀಟಿ ಮಾಡುತ್ತಿದ್ದರು. ಎಡ ಮೂಲೆಯಲ್ಲಿ ಪದ, ನಡುವೆ ಅರ್ಥ, ಅಡಿಯಲ್ಲಿ ಕೆಂಪು ಶಾಯಿಯ ಒಂದು ಸಾಲಿನಲ್ಲಿ ಮೂಲ. ಆ ಕೆಂಪು ಸಾಲು ಬಿತ್ತೆಂದರೆ ನಮೂದು ಮುಗಿಯಿತು ಎಂದೇ ಲೆಕ್ಕ. ‘ಕರ್ನಲ್’ ಚೀಟಿಯ ಕೆಂಪು ಸಾಲು ಹೀಗಿತ್ತು: “ಪೋರ್ಚುಗೀಸ್ ‘ಕೊರೊನೆಲ್’ನಿಂದ. ‘ಕೊರೋನಾ’ ಎಂದರೆ ಕಿರೀಟ. ರಾಜನ ಹೆಸರಿನಲ್ಲಿ ದಂಡು ನಡೆಸುವವನು.”

ಓದಿದವರಿಗೆಲ್ಲ ಅದು ಹಿಡಿಸಿತು, ನನಗೂ ಹಿಡಿಸಿತು. ಪಾದ್ರಿ, ಚಾವಿ, ಪಗಾರ, ಅನಾನಸು, ಕರಾವಳಿಯ ಇಗರ್ಜಿ, ಇವೆಲ್ಲ ಪೋರ್ಚುಗೀಸರ ಹಡಗಿನಿಂದ ಇಳಿದ ಪದಗಳು. ಸೇನೆಯ ಪದವಿಗಳಲ್ಲೇ ‘ಕಪ್ತಾನ’ ಅವರದ್ದು. ಕಪ್ತಾನ ಬಂದ ಹಡಗಿನಲ್ಲಿ ಕರ್ನಲ್ ಬಂದಿರಬಾರದೇಕೆ? ನಮೂದು ಕರಡಚ್ಚಿಗೆ ಹೋಯಿತು.

ಒಂದು ಪ್ರಶ್ನೆ

ಕರಡಚ್ಚನ್ನು ಓದಿ ನೋಡಿರೆಂದು ಕೆಲವು ಹಿರಿಯರಿಗೆ ಕೊಟ್ಟಿದ್ದೆವು. ಅವರಲ್ಲೊಬ್ಬರು ಸೇನೆಯಲ್ಲಿ ಸೇವೆ ಸಲ್ಲಿಸಿ ನಿವೃತ್ತರಾದವರು. ಆ ಪುಟದ ಅಂಚಿನಲ್ಲಿ ಅವರು ಪೆನ್ಸಿಲಿನಲ್ಲಿ ಹೀಗೆ ಬರೆದು ಕಳುಹಿಸಿದರು: “ಮೂಲದಲ್ಲೇ ರ ಇದ್ದರೆ ಇಂಗ್ಲಿಷಿನವರು ಎರಡು ಲ ಇಟ್ಟು ಬರೆಯುವುದೇಕೆ? ಬರೆಯುವುದು ‘ಕೊಲೊನೆಲ್’, ಓದುವುದು ‘ಕರ್ನಲ್’. ತರಬೇತಿಗೆ ಸೇರಿದ ದಿನದಿಂದ ಇದನ್ನು ಕೇಳುತ್ತಲೇ ಇದ್ದೇನೆ. ಉತ್ತರ ಕೊಟ್ಟವರಿಲ್ಲ.”

ಪ್ರಶ್ನೆ ಸಣ್ಣದು. ಅದು ಬಿದ್ದೊಡನೆ ಕೆಂಪು ಸಾಲು ಪೂರ್ತಿ ಅಲ್ಲಾಡಿತು. ನಾವು ಒಂದೇ ವಾಕ್ಯದಲ್ಲಿ ಎರಡು ಬೇರೆ ಬೇರೆ ಮಾತುಗಳನ್ನು ಕಟ್ಟಿ ಇಟ್ಟಿದ್ದೆವು ಎಂಬುದು ಆಗ ಕಣ್ಣಿಗೆ ಬಿತ್ತು. ಪದ ಮೊದಲು ಎಲ್ಲಿ ಹುಟ್ಟಿತು ಎಂಬುದು ಒಂದು. ಕನ್ನಡಕ್ಕೆ ಅದನ್ನು ಯಾರು ತಂದರು ಎಂಬುದು ಇನ್ನೊಂದು. ಒಂದು ತಪ್ಪಿದ್ದು ಇನ್ನೊಂದು ಸರಿಯಿರಬಹುದು. ಎರಡನ್ನೂ ಬಿಡಿಸಿ ಬೇರೆ ಬೇರೆಯಾಗಿ ಪರೀಕ್ಷಿಸುವುದೆಂದು ಗೊತ್ತುಮಾಡಿಕೊಂಡೆವು. ಇಡೀ ಪ್ರಕರಣದಲ್ಲಿ ನಾವು ತೆಗೆದುಕೊಂಡ ಮೊದಲ ಒಳ್ಳೆಯ ತೀರ್ಮಾನ ಅದು.

ತಲೆ ಎಣಿಸಿದ ತಪ್ಪು

ಲ್ಯಾಟಿನ್ನಿನಿಂದ ಕವಲೊಡೆದ ಭಾಷೆಗಳಲ್ಲಿ ಈ ಪದ ಹೇಗಿದೆ ಎಂದು ಅನುವಾದಕಿ ಪಟ್ಟಿ ಮಾಡಿದರು. ಸ್ಪ್ಯಾನಿಷ್, ಪೋರ್ಚುಗೀಸ್, ಕತಲಾನ್, ಗಲೀಸಿಯನ್ ನಾಲ್ಕರಲ್ಲೂ ‘ಕೊರೊನೆಲ್’. ಇಟಾಲಿಯನ್ನಿನಲ್ಲಿ ‘ಕೊಲೊನ್ನೆಲ್ಲೊ’. ಫ್ರೆಂಚ್ ಮತ್ತು ರೊಮೇನಿಯನ್ನಿನಲ್ಲಿ ‘ಕೊಲೊನೆಲ್’. ರಕಾರಕ್ಕೆ ನಾಲ್ಕು ಮತ, ಲಕಾರಕ್ಕೆ ಮೂರು.

“ನೋಡಿ, ನಮ್ಮದೇ ಸರಿ,” ಎಂದರು ಮೇಷ್ಟ್ರು. ಅದಕ್ಕೆ ಬೆಂಬಲವಾಗಿ ‘ರಲಯೋರಭೇದಃ’ ಎಂಬ ಹಳೆಯ ಮಾತನ್ನೂ ಎತ್ತಿದರು: ರ ಮತ್ತು ಲ ಒಂದರ ಜಾಗಕ್ಕೆ ಒಂದು ಬರುತ್ತವೆ, ಇಟಲಿಯಲ್ಲೂ ಫ್ರಾನ್ಸಿನಲ್ಲೂ ರ ಹೋಗಿ ಲ ಬಂದಿದೆ, ಅಷ್ಟೇ.

ಆ ದಿನ ಒಪ್ಪಿಬಿಡುವುದರಲ್ಲಿದ್ದೆ. ಅಡ್ಡಬಂದದ್ದು ಅನುವಾದಕಿಯ ಮಾತು. “ಮೇಷ್ಟ್ರೇ, ರೊಮೇನಿಯದವರು ಇದನ್ನು ಫ್ರೆಂಚಿನಿಂದ ತೆಗೆದುಕೊಂಡವರು. ಅದನ್ನು ಬೇರೆ ಸಾಕ್ಷಿಯೆಂದು ಎಣಿಸಬಾರದು. ಹಾಗೆಯೇ ಸ್ಪೇನಿನ ಅಕ್ಕಪಕ್ಕದ ಮೂರನ್ನೂ ಸ್ಪ್ಯಾನಿಷಿನ ಜೊತೆಗೇ ಕಟ್ಟಬೇಕಾಗುತ್ತದೆ.” ಅವರು ಹೇಳಿದ್ದು ಸರಿ. ರೊಮೇನಿಯನ್ ನಾಡುಗಳಲ್ಲಿ ಹಿಂದೆ ಈ ಮಟ್ಟದ ಅಧಿಕಾರಿಗೆ ‘ಪೊಲ್ಕೊವ್ನಿಕ್’ ಎಂಬ ಸ್ಲಾವ್ ಪದವೇ ನಡೆಯುತ್ತಿತ್ತು. ‘ಕೊಲೊನೆಲ್’ 19ನೇ ಶತಮಾನದ ಫ್ರೆಂಚ್ ಪ್ರಭಾವದ ಫಲ. ಪಟ್ಟಿಯಲ್ಲಿ ಏಳು ಹೆಸರುಗಳಿದ್ದರೂ ಸ್ವತಂತ್ರ ಸಾಕ್ಷಿಗಳು ಮೂರೇ: ಇಟಲಿ, ಫ್ರಾನ್ಸ್, ಸ್ಪೇನ್. ಅವುಗಳಲ್ಲೂ ಫ್ರಾನ್ಸ್ ಎರಡೂ ಕಡೆ ನಿಂತಿತ್ತು. 16ನೇ ಶತಮಾನದ ಫ್ರೆಂಚಿನಲ್ಲಿ ‘ಕೊರೊನೆಲ್’ ಎಂಬ ರೂಪವೂ ಇದೆ, ಕಿರೀಟಕ್ಕೆ ಹೇಳುವ ‘ಕುರೊನ್’ ಪದವನ್ನು ನೆನಪಿಸುವ ‘ಕುರೊನೆಲ್’ ಎಂಬ ಬರವಣಿಗೆಯೂ ಇದೆ. ಲಕಾರದ ರೂಪ ಆಮೇಲೆ ಗೆದ್ದದ್ದು.

ಮತ ಎಣಿಸುವ ದಾರಿ ಅಲ್ಲಿಗೆ ಮುಚ್ಚಿತು. ಪದದ ಒಡಲನ್ನೇ ಬಿಚ್ಚಿ ನೋಡಬೇಕಾಯಿತು.

ಸ್ಪೇನಿನಲ್ಲಿ ಈ ಪದ ಪರದೇಶಿ

ನನ್ನ ಮಟ್ಟಿಗೆ ಇಡೀ ಹುಡುಕಾಟದಲ್ಲಿ ಮನಸ್ಸು ತುಂಬಿದ ಭಾಗ ಇದು.

‘ಕೊರೊನೆಲ್’ ಸ್ಪೇನಿನಲ್ಲೇ ‘ಕೊರೋನಾ’ದಿಂದ ಹುಟ್ಟಿದ್ದರೆ ಬಾಲದ ‘ಎಲ್’ ಎಲ್ಲಿಯದು? ಲ್ಯಾಟಿನ್ನಿನಲ್ಲಿ ಕಿರಿದು ಎಂಬ ಅರ್ಥ ಕೊಡುವ ‘ಎಲ್ಲುಸ್’, ‘ಎಲ್ಲಾ’ ಎಂಬ ಪ್ರತ್ಯಯಗಳಿವೆ. ಅವು ಸ್ಪ್ಯಾನಿಷಿಗೆ ಇಳಿಯುವಾಗ ‘ಇಲ್ಯೊ’, ‘ಇಲ್ಯಾ’ ಆಗುತ್ತವೆ. ಕೋಟೆ ಎಂಬ ಅರ್ಥದ ‘ಕಸ್ತೆಲ್ಲುಮ್’ ಅಲ್ಲಿ ‘ಕಸ್ತಿಲ್ಯೊ’ ಆಯಿತು. ಅದೇ ನಿಯಮದಂತೆ ಕೊರೋನಾಕ್ಕೆ ಬಾಲ ಹಚ್ಚಿದರೆ ‘ಕೊರೊನಿಲ್ಯಾ’ ಬರಬೇಕು. ಬಂದೂ ಇದೆ! ಸ್ಪ್ಯಾನಿಷಿನಲ್ಲಿ ‘ಕೊರೊನಿಲ್ಯಾ’ ಎಂದರೆ ತಲೆಯ ನೆತ್ತಿ. ಆ ಭಾಷೆಯ ಮನೆಮಗಳು ಅವಳು. ‘ಎಲ್’ ಬಾಲದ ಅನೇಕ ಪದಗಳು ಕತಲಾನ್, ಫ್ರೆಂಚ್ ಮುಂತಾದ ನೆರೆಯ ಭಾಷೆಗಳಿಂದ ಬಂದ ನೆಂಟರು. ಸೈನಿಕರ ಬಿಡಾರಕ್ಕೆ ಹೇಳುವ ‘ಕ್ವಾರ್ತೆಲ್’ ಅಂಥದ್ದೇ ಒಂದು. ‘ಕೊರೊನೆಲ್’ ಅದೇ ಸಾಲಿಗೆ ಸೇರಿತು.

ಈಗ ಇಟಲಿಯ ಕಡೆ ನೋಡೋಣ. ಕಂಬಕ್ಕೆ ಲ್ಯಾಟಿನ್ನಿನಲ್ಲಿ ‘ಕೊಲುಮ್ನಾ’. ಅದರ ‘ಮ್ನ’ ಇಟಾಲಿಯನ್ನಿನಲ್ಲಿ ‘ನ್ನ’ ಆಗಿ ‘ಕೊಲೊನ್ನಾ’ ಎನಿಸಿತು. ಸ್ಪ್ಯಾನಿಷಿನ ರೂಢಿಯಲ್ಲಿ ‘ಮ್ನ’ ಬೇರೆಯೇ ದಾರಿ ಹಿಡಿಯುತ್ತದೆ. ನಷ್ಟ ಎಂಬ ಅರ್ಥದ ‘ದಮ್ನುಮ್’ ಅಲ್ಲಿ ‘ದಾಞೊ’, ನಿದ್ದೆ ಎಂಬ ಅರ್ಥದ ‘ಸೊಮ್ನುಸ್’ ಅಲ್ಲಿ ‘ಸ್ವೇಞೊ’. ನಮ್ಮ ವರ್ಣಮಾಲೆಯಲ್ಲಿ ಕೆಲಸವಿಲ್ಲದೆ ಕುಳಿತಂತೆ ಕಾಣುವ ಞಕಾರ ಅಲ್ಲಿ ದಿನಬಳಕೆಯ ಅಕ್ಷರ. ಕಂಬದಿಂದ ಹುಟ್ಟಿದ ಪದ ಸ್ಪೇನಿನ ಮಣ್ಣಿನಲ್ಲೇ ಬೆಳೆದಿದ್ದರೆ ಅದರಲ್ಲಿ ಞಕಾರದ ಗುರುತು ಇರಬೇಕಿತ್ತು. ಇಲ್ಲ.

ಇಟಾಲಿಯನ್ನಿನಲ್ಲಾದರೋ ಎಲ್ಲವೂ ಕೂಡಿಬರುತ್ತವೆ. ‘ಕೊಲೊನ್ನಾ’ ಎಂದರೆ ಕಂಬ, ಹಾಗೆಯೇ ಕಂಬದಂತೆ ಉದ್ದಕ್ಕೆ ನಿಂತು ಸಾಗುವ ಸೈನಿಕರ ಸಾಲು. ‘ಎಲ್ಲೊ’ ಅಲ್ಲಿ ಇಂದಿಗೂ ಜೀವಂತ ಪ್ರತ್ಯಯ. ದಳದ ಮುಂಚೂಣಿಯಲ್ಲಿ ನಡೆಯುವ ತುಕಡಿಗೆ ‘ಕೊಲೊನ್ನೆಲ್ಲಾ’, ಅದನ್ನು ನಡೆಸುವವನಿಗೆ ‘ಕೊಲೊನ್ನೆಲ್ಲೊ’. ರೆಜಿಮೆಂಟಿನ ಮೊದಲ ತುಕಡಿ ಕರ್ನಲನ ಸ್ವಂತದ್ದು ಎಂಬ ಪದ್ಧತಿ ಮುಂದೆ ಬ್ರಿಟಿಷ್ ಸೇನೆಯಲ್ಲೂ ಬಹುಕಾಲ ನಡೆದು ಬಂತು. ಪತ್ರಿಕೆಯ ‘ಕಾಲಂ’, ಮನೆ ಕಟ್ಟುವಾಗ ಮೇಸ್ತ್ರಿ ಕಬ್ಬಿಣ ಕಟ್ಟಿ ಕಾಂಕ್ರೀಟ್ ಸುರಿಯುವ ‘ಕಾಲಂ’, ನಮ್ಮ ಕರ್ನಲ್ ಮೂವರೂ ಒಂದೇ ಕಂಬದ ಮಕ್ಕಳು. ಇದನ್ನು ಕೇಳಿದಾಗ ಮೇಷ್ಟ್ರು ಬಹಳ ಹೊತ್ತು ಸುಮ್ಮನೆ ಕುಳಿತರು. ಆಮೇಲೆ ಚೀಟಿಯನ್ನು ತಾವೇ ಕೈಗೆತ್ತಿಕೊಂಡರು.

ಪದ ಇಟಲಿಯಿಂದ ಹೊರಟ ದಾರಿಯೂ ಇತಿಹಾಸದಲ್ಲಿ ನಿಚ್ಚಳವಾಗಿದೆ. 1494ರಿಂದ 1559ರವರೆಗೆ ಇಟಲಿಯ ನೆಲದಲ್ಲಿ ಫ್ರಾನ್ಸ್ ಮತ್ತು ಸ್ಪೇನ್ ಮೇಲಿಂದ ಮೇಲೆ ಕಾದಾಡಿದವು. ‘ಮಹಾ ಕಪ್ತಾನ’ ಎಂದು ಹೆಸರಾದ ಗೊನ್ಸಾಲೊ ಫೆರ್ನಾಂದೆಸ್ ದೆ ಕೊರ್ದೊಬಾ ನೇಪಲ್ಸ್ ಸೀಮೆಯಲ್ಲಿ ಸ್ಪೇನಿನ ಕಾಲಾಳುಗಳನ್ನು ಹೊಸ ಬಗೆಯಲ್ಲಿ ಕಟ್ಟಿದ್ದು ಆ ಯುದ್ಧಗಳಲ್ಲೇ. ಹತ್ತಾರು ತುಕಡಿಗಳನ್ನು ಒಬ್ಬನ ಕೈಕೆಳಗೆ ತರುವ ಏರ್ಪಾಡು ಬಂದಾಗ ಆ ಒಬ್ಬನಿಗೆ ಹೆಸರು ಬೇಕಾಯಿತು, ಆ ಹೆಸರು ಇಟಲಿಯಲ್ಲಿ ಸಿದ್ಧವಾಗಿತ್ತು. ಯುದ್ಧ ಮುಗಿಸಿ ಊರಿಗೆ ಮರಳಿದ ಸೈನಿಕರು ಹೆಸರನ್ನೂ ಜೊತೆಗೆ ಒಯ್ದರು.

ನಾಲಿಗೆ ಮಾಡಿದ ಕೆಲಸ

ಹಾಗಾದರೆ ಲಕಾರ ರಕಾರವಾದದ್ದು ಹೇಗೆ? ಮೇಷ್ಟ್ರ ‘ರಲಯೋರಭೇದಃ’ ಇಲ್ಲಿ ಅರ್ಧ ಮಾತ್ರ ನೆರವಾಗುತ್ತದೆ. ರ, ಲ ಅದಲುಬದಲಾಗುತ್ತವೆ ಎಂದು ಅದು ಹೇಳುತ್ತದೆ. ಯಾವಾಗ, ಯಾವ ದಿಕ್ಕಿಗೆ ಎಂದು ಹೇಳುವುದಿಲ್ಲ. ದಿಕ್ಕನ್ನು ತೋರಿಸುವುದು ಪದದಲ್ಲಿ ಅವುಗಳ ನೆರೆಹೊರೆ. ಒಂದೇ ಪದದಲ್ಲಿ ಎರಡು ಲಕಾರ ಬಂದರೆ ನಾಲಿಗೆ ತೊಡರುತ್ತದೆ, ಒಂದನ್ನು ಬದಲಿಸಿಕೊಳ್ಳುತ್ತದೆ. ಭಾಷಾಶಾಸ್ತ್ರದಲ್ಲಿ ಇದಕ್ಕೆ ವಿಷಮೀಕರಣ ಎಂಬ ಹೆಸರಿದೆ.

ಲ್ಯಾಟಿನ್ನಿಗೆ ಇದು ಹುಟ್ಟುಗುಣ. ಹಡಗಿಗೆ ಸಂಬಂಧಿಸಿದ್ದು ‘ನಾವಾಲಿಸ್’, ಆದರೆ ಸೈನಿಕನಿಗೆ ಸಂಬಂಧಿಸಿದ್ದು ‘ಮಿಲಿಟಾರಿಸ್’. ಪ್ರತ್ಯಯ ಎರಡರಲ್ಲೂ ‘ಆಲಿಸ್’ ಒಂದೇ. ‘ಮಿಲಿಟ್’ನಲ್ಲಿ ಮೊದಲೇ ಒಂದು ಲ ಇರುವುದರಿಂದ ಎರಡನೆಯದು ರ ಆಯಿತು. ಅಂದರೆ ನಾವು ದಿನವೂ ಆಡುವ ‘ಮಿಲಿಟರಿ’ ಪದದ ರಕಾರವೂ, ‘ಕರ್ನಲ್’ ಪದದ ರಕಾರವೂ ಒಂದೇ ಕಾರಣದಿಂದ ಹುಟ್ಟಿದವು. ಎರಡು ರಕಾರ ಬಂದಾಗ ತಿರುಗಾಮುರುಗಾ ಆಗುತ್ತದೆ: ಮರಕ್ಕೆ ಲ್ಯಾಟಿನ್ನಿನಲ್ಲಿ ‘ಅರ್ಬೊರ್’, ಸ್ಪ್ಯಾನಿಷಿನಲ್ಲಿ ‘ಆರ್ಬೊಲ್’; ಸೆರೆಮನೆಗೆ ‘ಕಾರ್ಕೆರ್’ ಹೋಗಿ ‘ಕಾರ್ಸೆಲ್’. ಉದಾಹರಣೆಗಳು ಹೀಗೆ ಎರಡು ದಿಕ್ಕಿನಲ್ಲೂ ಸಿಕ್ಕಾಗ ನಿಯಮದ ಮೇಲೆ ಭರವಸೆ ಬರುತ್ತದೆ.

ಕಿರೀಟದ ಗತಿ ಏನು? ಅದನ್ನು ಒದ್ದು ಹೊರಗೆ ಹಾಕಬೇಕೆಂದು ಮೊದಲು ನನಗನ್ನಿಸಿತ್ತು. ಅದು ಅನ್ಯಾಯವಾಗುತ್ತಿತ್ತು. ಸ್ಪ್ಯಾನಿಷಿನಲ್ಲಿ ‘ಕೊರೊನೆಲ್’ ಎಂಬುದಕ್ಕೆ ಲಾಂಛನದ ಮೇಲೆ ಬರೆಯುವ ಕಿರೀಟ ಎಂಬ ಇನ್ನೊಂದು ಅರ್ಥ ನಿಜಕ್ಕೂ ಇದೆ. ನಮ್ಮ ಅನುವಾದಕಿ ಮೊದಲ ಸಲ ದಾರಿ ತಪ್ಪಿದ್ದು ಅಲ್ಲಿಯೇ. ನಾಲಿಗೆ ತೊಡರಿ ರಕಾರ ಬಂದ ಮೇಲೆ ಕೇಳಿದವರಿಗೆ ಕಿರೀಟ ನೆನಪಾಯಿತು, ಅರ್ಥವೂ ಒಪ್ಪುವಂತೆ ಕಂಡಿತು, ಹೊಸ ರೂಪಕ್ಕೆ ಅದು ಊರುಗೋಲಾಯಿತು. ಪದವನ್ನು ಹೆತ್ತದ್ದು ಕಂಬ, ಕಿರೀಟ ಸಾಕಿತು. ನಮೂದಿನಲ್ಲಿ ಎರಡಕ್ಕೂ ಅವುಗಳ ಸ್ಥಾನ ಕೊಟ್ಟೆವು.

ಇಂಗ್ಲಿಷಿನ ಗೋಜಲು ಈಗ ತಾನಾಗಿ ಬಿಡಿಸಿಕೊಂಡಿತು. 16ನೇ ಶತಮಾನದ ನಡುವಿನಲ್ಲಿ ಇಂಗ್ಲಿಷರು ಫ್ರೆಂಚರ ಬಾಯಿಂದ ‘ಕೊರೊನೆಲ್’ ಎಂದೇ ತೆಗೆದುಕೊಂಡರು, ರಕಾರ ಇಟ್ಟೇ ಬರೆದರು. ಆ ಶತಮಾನ ಮುಗಿಯುವ ಮುನ್ನ ಇಟಾಲಿಯನ್ ಯುದ್ಧಶಾಸ್ತ್ರದ ಬರಹಗಳನ್ನು ಓದುವ, ಅನುವಾದಿಸುವ ರೂಢಿ ಬೆಳೆಯಿತು. ಮೂಲಕ್ಕೆ ಹತ್ತಿರವಾದ ಲಕಾರದ ಬರವಣಿಗೆ ಪುಸ್ತಕಗಳಿಗೆ ಬಂತು. ಉಚ್ಚಾರ ಮಾತ್ರ ಎರಡು ಶತಮಾನ ಎರಡೂ ಬಗೆಯಲ್ಲಿ ನಡೆಯಿತು. 1755ರ ತಮ್ಮ ನಿಘಂಟಿನಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ಇದನ್ನು ‘ಕೊಲ್‌ನೆಲ್’ ಎಂದು ಎರಡೇ ಅಕ್ಷರಗಳಲ್ಲಿ ಹೇಳುತ್ತಾರೆಂದು ದಾಖಲಿಸಿದರು. ಮೂಲದ ಬಗ್ಗೆ ವಸಾಹತು ಎಂಬ ಪದ, ಕಂಬ ಎಂಬ ಪದ ಎರಡನ್ನೂ ಮುಂದಿಟ್ಟು ಎರಡೂ ಸಾಧ್ಯ ಎಂದು ಬಿಟ್ಟರು. ಅಷ್ಟು ದೊಡ್ಡ ನಿಘಂಟುಕಾರರೇ ಹಾಗೆ ಕೈಬಿಟ್ಟದ್ದನ್ನು ಓದಿದಾಗ ನಮ್ಮ ಮೇಷ್ಟ್ರ ಮುಖದ ಬಿಗಿ ಸಡಿಲಿತು. 19ನೇ ಶತಮಾನದ ಮೊದಲ ಭಾಗದ ಹೊತ್ತಿಗೆ ಬರಹದಲ್ಲಿ ಇಟಲಿ, ಬಾಯಲ್ಲಿ ಹಳೆಯ ಫ್ರಾನ್ಸ್ ಎಂಬುದು ಖಾಯಂ ಆಯಿತು.

ಕನ್ನಡಕ್ಕೆ ತಂದವರು ಯಾರು

ಎರಡನೆಯ ಪ್ರಶ್ನೆಯಲ್ಲಿ ನಾವು ಜಗಳವಾಡಿದೆವು. ಪೋರ್ಚುಗೀಸ್ ಮೂಲವನ್ನು ಬಿಡಲು ಮೇಷ್ಟ್ರು ಸಿದ್ಧರಿರಲಿಲ್ಲ. ಉತ್ತರ ಭಾರತದಲ್ಲಿ ‘ಕರ್ನೈಲ್’ ಎನ್ನುತ್ತಾರೆ, ಪಂಜಾಬಿನಲ್ಲಿ ಅದು ಮಕ್ಕಳಿಗೆ ಇಡುವ ಹೆಸರೂ ಆಗಿದೆ; ಆ ‘ನೈಲ್’ ಪೋರ್ಚುಗೀಸಿನ ‘ನೆಲ್’ ಅಲ್ಲದೆ ಮತ್ತೇನು ಎಂದು ಕೇಳಿದರು. ಗಟ್ಟಿ ಆಕ್ಷೇಪ. ಆದರೆ ಇಂಗ್ಲಿಷಿನ ‘ಜನರಲ್’ ಕೂಡ ಅಲ್ಲಿ ‘ಜರ್ನೈಲ್’ ಆಗಿದೆ. ಇಂಗ್ಲಿಷಿನಿಂದ ಬಂದ ಪದಕ್ಕೂ ಅದೇ ಬಾಲ ಹತ್ತಿದ ಮೇಲೆ ಬಾಲ ಸಾಕ್ಷಿಯಾಗಲಾರದು.

ಮಾತು ಇತ್ಯರ್ಥವಾದದ್ದು ‘ಕಪ್ತಾನ’ ಪದವನ್ನು ಪಕ್ಕದಲ್ಲಿಟ್ಟು ನೋಡಿದಾಗ. ಪೋರ್ಚುಗೀಸಿನಲ್ಲಿ ಒತ್ತು ಬೀಳುವುದು ಕೊನೆಯ ಸ್ವರದ ಮೇಲೆ. ‘ಕಪ್ತಾನ’ದಲ್ಲಿ ಆ ಒತ್ತು ದೀರ್ಘವಾಗಿ ಉಳಿದುಕೊಂಡಿದೆ, ಇಂಗ್ಲಿಷಿನಿಂದ ಮತ್ತೆ ಬಂದ ‘ಕ್ಯಾಪ್ಟನ್’ನಲ್ಲಿ ಅದು ಇಲ್ಲ. ಪೋರ್ಚುಗೀಸಿನ ‘ಕೊರೊನೆಲ್’ ಬಂದಿದ್ದರೆ ನಮ್ಮ ಬಾಯಲ್ಲಿ ‘ಕೊರ್ನೇಲ’ದಂಥ ರೂಪ ನಿಲ್ಲಬೇಕಿತ್ತು. ‘ಕರ್ನಲ್’ನ ಎರಡೂ ಸ್ವರಗಳು ಇಂಗ್ಲಿಷ್ ಉಚ್ಚಾರದವು. ಅಷ್ಟೇ ಅಲ್ಲ, ಇಂಗ್ಲಿಷ್ ಬರವಣಿಗೆಯಲ್ಲಿ ರಕಾರವೇ ಇಲ್ಲ. ಓದಿ ಕಲಿತವರು ‘ಕೊಲೊನೆಲ್’ ಎನ್ನುತ್ತಿದ್ದರು. ಕನ್ನಡದವರು ಈ ಪದವನ್ನು ಕಿವಿಯಿಂದ ಪಡೆದರು.

ಕಿವಿಗೆ ಬೀಳಲು ಸಂದರ್ಭಗಳು ಬೇಕಾದಷ್ಟಿದ್ದವು. ಹೈದರ್ ಮತ್ತು ಟಿಪ್ಪುವಿನ ಕಾಲದ ನಾಲ್ಕು ಯುದ್ಧಗಳಲ್ಲಿ ಕಂಪನಿಯ ಕರ್ನಲುಗಳು ಮೈಸೂರು ಸೀಮೆಗೆ ಎದುರಾದರು. 1780ರಲ್ಲಿ ಪೊಳ್ಳಿಲೂರಿನಲ್ಲಿ ಸೋತು ಸೆರೆಸಿಕ್ಕ ಕರ್ನಲ್ ಬೇಲಿಯನ್ನು ಶ್ರೀರಂಗಪಟ್ಟಣದ ದರಿಯಾ ದೌಲತ್ ಗೋಡೆಯ ಮೇಲೆ ಪಲ್ಲಕ್ಕಿಯಲ್ಲಿ ಕೂತಂತೆ ಚಿತ್ರಿಸಿದ್ದಾರೆ. ಅದೇ ದ್ವೀಪದ ನೆಲಮಾಳಿಗೆಯೊಂದಕ್ಕೆ ಇಂದಿಗೂ ಅವನ ಹೆಸರಿದೆ. 1799ರ ನಂತರ ಮೈಸೂರನ್ನು ಅಳೆದು ನಕ್ಷೆ ಮಾಡಿದ, ಕೈಫಿಯತ್ತುಗಳನ್ನು ಸಂಗ್ರಹಿಸಿದ ಕಾಲಿನ್ ಮೆಕೆಂಜಿಯನ್ನು ನಾವು ಕರ್ನಲ್ ಮೆಕೆಂಜಿ ಎಂದೇ ಓದಿದವರು. ಇಬ್ಬರೂ ಸ್ಕಾಟ್‌ಲ್ಯಾಂಡಿನವರು, ರಕಾರವನ್ನು ಗಟ್ಟಿಯಾಗಿ ಉಚ್ಚರಿಸುವ ನಾಡಿನವರು. ಕನ್ನಡದ ರಕಾರ ಅಷ್ಟು ಸ್ಪಷ್ಟವಾಗಿ ಉಳಿಯಲು ಅಂಥವರ ನಾಲಿಗೆಯೂ ಕಾರಣವಿದ್ದೀತು ಎಂದು ನನಗೆ ಅನ್ನಿಸುತ್ತದೆ. ಅನ್ನಿಸಿಕೆಯನ್ನು ನಮೂದಿಗೆ ಸೇರಿಸಲಿಲ್ಲ.

ಆಮೇಲೆ

ಕೆಂಪು ಸಾಲನ್ನು ಮೇಷ್ಟ್ರೇ ಹೊಡೆದುಹಾಕಿದರು. ಒಂದು ಸಾಲಿನ ಜಾಗದಲ್ಲಿ ಐದು ಸಾಲು ಬಂತು: ಇಟಲಿಯ ಕಂಬ, ಸ್ಪೇನ್ ಮತ್ತು ಫ್ರಾನ್ಸಿನ ಬಾಯಲ್ಲಾದ ಬದಲಾವಣೆ, ಕಿರೀಟದ ಆಸರೆ, ಇಂಗ್ಲಿಷಿನ ಎರಡು ಆಗಮನ, ಕನ್ನಡದ ಕಿವಿ. ಪುಟ ಮತ್ತೆ ಜೋಡಿಸಬೇಕಾಯಿತು, ಅಚ್ಚು ತಡವಾಯಿತು, ಪ್ರಕಾಶಕರು ಬೇಸರಪಟ್ಟರು. ಒಂದು ಪದಕ್ಕೆ ಇಷ್ಟು ಜಾಗವೇ ಎಂಬ ಅವರ ಮಾತಿಗೆ ನಾನು ಜಗ್ಗಲಿಲ್ಲ; ಇವತ್ತೂ ಜಗ್ಗುವುದಿಲ್ಲ. ಬ್ರೆಜಿಲಿನ ಸಂಗತಿಯೊಂದನ್ನು ಮಾತ್ರ ಜಾಗವಿಲ್ಲದೆ ಬಿಡಬೇಕಾಯಿತು, ಅದರ ಕೊರಗು ಇದೆ. 1831ರಲ್ಲಿ ಅಲ್ಲಿ ರಾಷ್ಟ್ರೀಯ ರಕ್ಷಣಾ ದಳ ಕಟ್ಟಿದಾಗ ಊರಿನ ಬಲಾಢ್ಯ ಜಮೀನ್ದಾರರಿಗೆ ‘ಕೊರೊನೆಲ್’ ಪದವಿ ಸಿಕ್ಕಿತು. ದಳ ಮರೆಯಾದರೂ ಹೆಸರು ಉಳಿಯಿತು. ಮತಗಳನ್ನು ಮುಷ್ಟಿಯಲ್ಲಿಟ್ಟುಕೊಂಡ ಧಣಿಗಳ ಆಳ್ವಿಕೆಗೆ ಅಲ್ಲಿ ಈಗಲೂ ‘ಕೊರೊನೆಲಿಸ್ಮೊ’ ಎನ್ನುತ್ತಾರೆ. ಕಂಬದ ಮೊಮ್ಮಗ ಊರಗೌಡನಾದ ಕಥೆ ಅದು.

ನಮ್ಮ ಕೆಲಸದ ರೀತಿ ಆ ತಿಂಗಳಿನಿಂದ ಬದಲಾಯಿತು. ಮೂಲದ ಸಾಲನ್ನು ಮೇಷ್ಟ್ರು ಮೊದಲು ಪೆನ್ಸಿಲಿನಲ್ಲಿ ಬರೆಯತೊಡಗಿದರು. ಪದ ಹುಟ್ಟಿದ ಊರು ಚೀಟಿಯ ಮುಂದೆ, ಅದನ್ನು ನಮಗೆ ತಲುಪಿಸಿದ ಬಾಯಿ ಹಿಂದೆ. ಅರ್ಥ ಎಷ್ಟೇ ಚೆನ್ನಾಗಿ ಕೂಡಿಬರಲಿ, ಆ ಭಾಷೆಯ ಅದೇ ಬಗೆಯ ಬೇರೆ ಪದಗಳು ಹಾಗೆಯೇ ನಡೆದುಕೊಳ್ಳುತ್ತವೆಯೇ ಎಂದು ಕನಿಷ್ಠ ಎರಡು ಉದಾಹರಣೆ ಸಿಗದೆ ಕೆಂಪು ಶಾಯಿ ಮುಟ್ಟುವಂತಿಲ್ಲ. ನಮ್ಮನ್ನು ಮೊದಲು ಮೋಸಗೊಳಿಸಿದ್ದು ಅರ್ಥದ ಸೊಗಸು. ಕೊನೆಗೆ ಕಾಪಾಡಿದ್ದು ನೆತ್ತಿಗೆ ಹೇಳುವ ‘ಕೊರೊನಿಲ್ಯಾ’ ಎಂಬ ಸಂಬಂಧವೇ ಇಲ್ಲದಂತೆ ಕಾಣುವ ಪದ.

ಕೋಶ ಹೊರಬಂದ ಮೇಲೊಂದು ಸಂಜೆ ಮೇಷ್ಟ್ರು ಫೋನ್ ಮಾಡಿದರು. “ಅಲಮಾರು ಚೀಟಿಯಲ್ಲೂ ತಪ್ಪು ಬರೆದಿದ್ದೇನೆ ಕಣಪ್ಪಾ,” ಎಂದರು. ಪೋರ್ಚುಗೀಸಿನ ‘ಅರ್ಮಾರಿಯೊ’ ಕನ್ನಡಕ್ಕೆ ಬಂದ ಮೇಲೆ ಅದರ ಮೊದಲ ರ ನಮ್ಮವರ ಬಾಯಲ್ಲಿ ಲ ಆಯಿತು ಎಂದು ಅಚ್ಚಾಗಿತ್ತು. ಪೋರ್ಚುಗೀಸಿನಲ್ಲೇ ‘ಅಲ್ಮಾರಿಯೊ’ ಎಂಬ ರೂಪ ಇತ್ತೆಂದು ಅವರು ಈಗ ಕಂಡುಹಿಡಿದಿದ್ದರು: ಎರಡು ರಕಾರ, ಅದೇ ತೊಡರು, ಅದೇ ಬದಲಾವಣೆ, ಹಡಗು ಹತ್ತುವ ಮೊದಲೇ. ಲ್ಯಾಟಿನ್ನಿನ ‘ಅರ್ಮಾರಿಯುಮ್’ ಎಂದರೆ ಮೂಲದಲ್ಲಿ ಆಯುಧ, ಸಲಕರಣೆ ಇಡುವ ಪೆಟ್ಟಿಗೆ ಎಂದು ಓದಿ ಹೇಳಿದರು. ಅವರ ಚೀಟಿಗಳೆಲ್ಲ ಮನೆಯ ಹಳೆಯ ಮರದ ಅಲಮಾರಿನಲ್ಲೇ ಇದ್ದವು. ಬಾಗಿಲು ತೆಗೆದ ಕಿರ್ ಎಂಬ ಸದ್ದು ಫೋನಿನಲ್ಲಿ ಕೇಳಿಸಿತು. ಚೀಟಿ ಹುಡುಕಿ ತೆಗೆದು, ಕೆಂಪು ಸಾಲಿನ ಮೇಲೆ ಅಡ್ಡಗೆರೆ ಎಳೆದು, ಎರಡನೆಯ ಮುದ್ರಣಕ್ಕೆ ಬರೆದುಕೊಳ್ಳಿ ಎಂದು ಹೊಸ ಸಾಲನ್ನು ಒಂದೊಂದೇ ಪದವಾಗಿ ನನಗೆ ಹೇಳಿ ಬರೆಸಿದರು.